ಬಡಾವಣೆಯ ಹೋಟೆಲು ಮತ್ತು ನಿತ್ಯದ ಗಿರಾಕಿ

ಬೆಂಗಳೂರಿನ ಹೋಟೆಲುಗಳ ಬಗ್ಗೆ ಎರಡು ಬಗೆಯ ಅಭಿಪ್ರಾಯಗಳು ಚಾಲ್ತಿಯಲ್ಲಿವೆ. ಹೆಸರು ಕೇಳಿ ದೂರದಿಂದ ಬಂದು, ಅರ್ಧ ಗಂಟೆ ಕಾದು, ಒಂದು ಮಸಾಲೆ ದೋಸೆ ತಿಂದು ಹೋಗುವವರದ್ದು ಒಂದಾದರೆ, ಮನೆಯ ಪಕ್ಕದ ರಸ್ತೆಯ ಹೋಟೆಲಿಗೆ ವಾರದಲ್ಲಿ ನಾಲ್ಕೈದು ಸಲ, ವರ್ಷಗಟ್ಟಲೆ ಹೋಗುತ್ತಲೇ ಇರುವವರದ್ದು ಇನ್ನೊಂದು. ಮೊದಲನೆಯದು ಪತ್ರಿಕೆಗಳಲ್ಲಿಯೂ ಮೊಬೈಲ್ ಫೋನಿನ ವಿಡಿಯೊಗಳಲ್ಲಿಯೂ ಧಾರಾಳವಾಗಿ ದಾಖಲಾಗಿದೆ. ಎರಡನೆಯದು ಕಾಫಿ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಮುಗಿದುಹೋಗುವ ಮಾತಾಗಿಯೇ ಉಳಿದಿದೆ. ಆದರೂ ನಗರದ ಸಾಮಾನ್ಯ ಹೋಟೆಲುಗಳನ್ನು ಬೆಳೆಸಿದ್ದು, ತಿದ್ದಿದ್ದು, ಕೆಲವೊಮ್ಮೆ ಸದ್ದಿಲ್ಲದೆ ಮುಚ್ಚಿಸಿದ್ದು ಈ ಎರಡನೆಯ ಅಭಿಪ್ರಾಯವೇ. ಇದನ್ನು ಬರಿಯ ನಾಲಗೆಯ ಚಪಲವೆಂದು ತಳ್ಳಿಹಾಕುವುದು ಸರಿಯಲ್ಲ. ಹಿಟ್ಟು ಎಷ್ಟು ಹೊತ್ತು ಹುಳಿ ಬಂದಿದೆ, ತೆಂಗಿನಕಾಯಿಯ ಬೆಲೆ ಈ ವಾರ ಏನಾಗಿದೆ, ಅಂಗಡಿಯ ಬಾಡಿಗೆ ಯಾವಾಗ ಏರಿತು, ಕಾವಲಿಯ ಮುಂದೆ ನಿಂತಿರುವ ಅಡುಗೆಯವರು ಹಳಬರೋ ಹೊಸಬರೋ ಎಂಬುದೆಲ್ಲವನ್ನೂ ತಟ್ಟೆಯಲ್ಲಿಯೇ ಓದಿಕೊಳ್ಳುವ ಒಂದು ಬಗೆಯ ತಿಳಿವಳಿಕೆ ಅದರಲ್ಲಿದೆ.

ಈ ತಿಳಿವಳಿಕೆ ಬೆಳೆದುಬಂದ ದಾರಿಯನ್ನು ಅರಿಯಲು ನಗರದ ಹೋಟೆಲುಗಳ ಇತಿಹಾಸವನ್ನು ಸ್ವಲ್ಪ ನೋಡಬೇಕಾಗುತ್ತದೆ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಉಡುಪಿ, ಕುಂದಾಪುರಗಳ ಸುತ್ತಿನ ಊರುಗಳಿಂದ ಅಡುಗೆಯ ಕೈಯನ್ನಷ್ಟೇ ಬಂಡವಾಳವಾಗಿಟ್ಟುಕೊಂಡು ಬಂದವರು ಬೆಂಗಳೂರಿನಲ್ಲಿ ಚಿಕ್ಕ ಚಿಕ್ಕ ಕಾಫಿ ಕ್ಲಬ್ಬುಗಳನ್ನೂ ಟಿಫನ್ ರೂಮುಗಳನ್ನೂ ತೆರೆದರು. ಪಾರಂಪಳ್ಳಿಯ ಮೈಯ ಸಹೋದರರು 1924ರಲ್ಲಿ ಆರಂಭಿಸಿದ ಹೋಟೆಲು ಮುಂದೆ ಮಾವಳ್ಳಿ ಟಿಫನ್ ರೂಮ್ಸ್, ಅಂದರೆ ಎಂ.ಟಿ.ಆರ್. ಎಂದು ಹೆಸರಾಯಿತು; ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರಲ್ಲಿ ಹುಟ್ಟಿತು; ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರಲ್ಲಿ ಬಂತು. ಇಂದು ಇವು ಊರಿಗೇ ಗುರುತಾದ ಹೆಸರುಗಳಾಗಿದ್ದರೂ ಹುಟ್ಟಿದಾಗ ಪ್ರತಿಯೊಂದೂ ತನ್ನ ಬೀದಿಯವರಿಗಾಗಿ ನಡೆಯುತ್ತಿದ್ದ ಹೋಟೆಲೇ ಆಗಿತ್ತು. ವಿದ್ಯಾರ್ಥಿ ಭವನದ ಹೆಸರೇ ಹೇಳುವಂತೆ ಅದರ ಮೊದಲ ಗಿರಾಕಿಗಳು ಸುತ್ತಮುತ್ತಲ ಶಾಲಾ ಕಾಲೇಜುಗಳ ಹುಡುಗರು. ಎಂ.ಟಿ.ಆರ್.ನ ಯಜ್ಞನಾರಾಯಣ ಮೈಯರು 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳ ಶುಚಿತ್ವವನ್ನು ನೋಡಿಬಂದ ಮೇಲೆ ಪಾತ್ರೆ ತೊಳೆಯುವ ಕ್ರಮದಿಂದ ಹಿಡಿದು ಅನೇಕ ಕಟ್ಟುಪಾಡುಗಳನ್ನು ತಂದರೆಂಬುದೂ, ಗಿರಾಕಿಗಳು ಅಡುಗೆಮನೆಯನ್ನು ಹಾದು ಒಳಹೋಗುವ ಏರ್ಪಾಡು ಅಲ್ಲಿತ್ತೆಂಬುದೂ ಪ್ರಸಿದ್ಧ. ಬೆಂಗಳೂರಿನ ಗಿರಾಕಿಗೆ ಅಡುಗೆಮನೆಯೊಳಗೆ ಇಣುಕಿ ನೋಡುವ ಹಕ್ಕು ತನಗಿದೆಯೆಂಬ ಭಾವನೆ ಬಂದದ್ದು ಇಂಥ ಪದ್ಧತಿಗಳಿಂದಲೇ ಇರಬೇಕು.

ಎರಡನೆಯ ತಿರುವು ಬೆಲೆಯದು. 1975ರಲ್ಲಿ ಘೋಷಣೆಯಾದ ತುರ್ತು ಪರಿಸ್ಥಿತಿಯ ಕಾಲದಲ್ಲಿ ಹೋಟೆಲು ತಿಂಡಿಗಳನ್ನು ತೀರ ಕಡಿಮೆ ಬೆಲೆಗೆ ಮಾರಬೇಕೆಂಬ ಸರ್ಕಾರಿ ಕಟ್ಟಳೆ ಬಂದಾಗ, ಗುಣಮಟ್ಟವನ್ನು ಇಳಿಸಲು ಒಪ್ಪದ ಎಂ.ಟಿ.ಆರ್. ಕೆಲಕಾಲ ಹೋಟೆಲನ್ನೇ ಮುಚ್ಚಿ, ಸಿದ್ಧ ತಿಂಡಿಮಿಶ್ರಣಗಳ ಹಾಗೂ ಮಸಾಲೆ ಪುಡಿಗಳ ವ್ಯಾಪಾರದ ಕಡೆಗೆ ತಿರುಗಿತು. ಕುರ್ಚಿ, ಮೇಜು, ಬಡಿಸುವ ಮಾಣಿಗಳು, ಗಂಟೆಗಟ್ಟಲೆ ಹರಟುವ ಗಿರಾಕಿಗಳು, ಇವಿಷ್ಟನ್ನೂ ಇಟ್ಟುಕೊಂಡು ಅಗ್ಗದ ತಿಂಡಿ ಕೊಡುವುದು ಕಷ್ಟವೆಂಬುದು ಆ ಹೊತ್ತಿಗೆ ಹಲವು ಮಾಲೀಕರಿಗೆ ಅರಿವಾಗಿತ್ತು. ಇದಕ್ಕೆ ಉತ್ತರವಾಗಿ ಬಂದದ್ದು ದರ್ಶಿನಿ. ನಿಂತುಕೊಂಡೇ ತಿನ್ನುವ, ತಾನೇ ಹೋಗಿ ತಿಂಡಿ ತಂದುಕೊಳ್ಳುವ, ಮೊದಲು ಹಣ ಕೊಟ್ಟು ಟೋಕನ್ ಪಡೆಯುವ ಈ ಮಾದರಿಯನ್ನು ಆರ್. ಪ್ರಭಾಕರ್ ಅವರ ಹೆಸರಿನೊಂದಿಗೆ ಗುರುತಿಸಲಾಗುತ್ತದೆ. 1983ರಲ್ಲಿ ಜಯನಗರದಲ್ಲಿ ತೆರೆದ ಕೆಫೆ ದರ್ಶಿನಿಯನ್ನು ಇದರ ಮೊದಲ ಉದಾಹರಣೆಯೆಂದು ಪರಿಗಣಿಸುತ್ತಾರೆ. ಮುಂದಿನ ಎರಡು ದಶಕಗಳಲ್ಲಿ ನಗರದ ಬಹುತೇಕ ಬಡಾವಣೆಗಳಲ್ಲಿ ಉಪಾಹಾರ, ಸಾಗರ, ಗ್ರ್ಯಾಂಡ್ ಎಂಬ ಬಾಲಗಳನ್ನು ಹೊತ್ತ ಹೆಸರುಗಳೊಡನೆ ಇದೇ ಮಾದರಿ ಹರಡಿತು.

ದರ್ಶಿನಿಯ ಲೆಕ್ಕಾಚಾರ ಸರಳವಾಗಿದ್ದರೂ ಬಿಗಿಯಾದದ್ದು. ಎದೆಯೆತ್ತರದ ದುಂಡು ಮೇಜಿನ ಸುತ್ತ ನಿಂತವನು ಹತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ನಿಲ್ಲುವುದಿಲ್ಲವಾದ್ದರಿಂದ, ಕುರ್ಚಿ ಹಾಕಿದ ಹೋಟೆಲಿನಲ್ಲಿ ಒಬ್ಬ ಕುಳಿತಿರುವ ಹೊತ್ತಿನಲ್ಲಿ ಇಲ್ಲಿ ಮೂರು ನಾಲ್ಕು ಮಂದಿ ತಿಂದು ಹೋಗಿರುತ್ತಾರೆ. ಬಡಿಸುವವರ ಸಂಬಳ ಉಳಿಯುತ್ತದೆ. ಹಣ ಮೊದಲೇ ಗಲ್ಲಾ ಸೇರುವುದರಿಂದ ಬಾಕಿಯ ತಲೆನೋವಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಜನ ಎಡೆಬಿಡದೆ ಬರುವುದರಿಂದ ಇಡ್ಲಿ, ವಡೆಗಳು ಆರಲು ಸಮಯವೇ ಇರುವುದಿಲ್ಲ. ಈ ಕೊನೆಯ ಅಂಶವನ್ನು ಹೊರಗಿನವರು ಗಮನಿಸುವುದು ಕಡಿಮೆ. ದರ್ಶಿನಿಯ ತಿಂಡಿ ರುಚಿಯಾಗಿರುವುದಕ್ಕೆ ಅಡುಗೆಯವರ ಕೈಗುಣ ಎಷ್ಟು ಕಾರಣವೋ ಸರದಿಯ ಉದ್ದವೂ ಅಷ್ಟೇ ಕಾರಣ. ಗಿರಾಕಿಗಳು ಕಡಿಮೆಯಾದರೆ ಅದೇ ಹಿಟ್ಟು, ಅದೇ ಅಡುಗೆಯವರು ಇದ್ದರೂ ರುಚಿ ಕೆಡುತ್ತದೆ. ರುಚಿ ಕೆಟ್ಟಿತೆಂದು ಗಿರಾಕಿಗಳು ಇನ್ನಷ್ಟು ಕಡಿಮೆಯಾಗುತ್ತಾರೆ. ಒಂದು ದರ್ಶಿನಿ ನಾಲ್ಕೈದು ತಿಂಗಳಲ್ಲಿ ಕಣ್ಣೆದುರೇ ಸೊರಗಿ ಮುಚ್ಚಿಹೋಗುವುದರ ಹಿಂದೆ ಸಾಮಾನ್ಯವಾಗಿ ಈ ವಿಷಚಕ್ರವಿರುತ್ತದೆ.

ನಿತ್ಯದ ಗಿರಾಕಿ ಹೊಸ ಹೋಟೆಲನ್ನು ಪರೀಕ್ಷಿಸುವುದು ಮಸಾಲೆ ದೋಸೆಯಿಂದಲ್ಲ. ಬೆಣ್ಣೆ, ಪಲ್ಯ, ಕೆಂಪು ಚಟ್ನಿಗಳ ಮರೆಯಲ್ಲಿ ದೋಸೆ ತನ್ನ ದೋಷಗಳನ್ನು ಮುಚ್ಚಿಟ್ಟುಕೊಳ್ಳಬಲ್ಲದು. ಇಡ್ಲಿಗೆ ಆ ಅನುಕೂಲವಿಲ್ಲ. ಕರ್ನಾಟಕದ ಹೋಟೆಲುಗಳಲ್ಲಿ ಇಡ್ಲಿಯನ್ನು ಸಾಮಾನ್ಯವಾಗಿ ನುಣ್ಣಗೆ ರುಬ್ಬಿದ ಉದ್ದಿನಬೇಳೆಗೆ ಅಕ್ಕಿಯ ರವೆಯನ್ನು ಬೆರೆಸಿ ಮಾಡುವುದರಿಂದ ಅದರ ಮೈ ತುಸು ತರಿತರಿಯಾಗಿರುತ್ತದೆ. ಉದ್ದು ಕಡಿಮೆಯಾದರೆ ಗಟ್ಟಿಯಾಗುತ್ತದೆ, ಹಿಟ್ಟು ಸರಿಯಾಗಿ ಹುಳಿ ಬರದಿದ್ದರೆ ಚಪ್ಪಟೆಯಾಗುತ್ತದೆ, ಸೋಡಾ ಹಾಕಿ ಉಬ್ಬಿಸಿದ್ದರೆ ಬಾಯಲ್ಲಿ ಬೇರೊಂದು ಜಾಡು ಉಳಿಯುತ್ತದೆ. ಬೆಂಗಳೂರಿನ ಡಿಸೆಂಬರ್, ಜನವರಿಯ ಚಳಿ ರಾತ್ರಿಗಳಲ್ಲಿ ಹಿಟ್ಟು ನಿಧಾನವಾಗಿ ಹುಳಿ ಬರುತ್ತದೆಯಾದ್ದರಿಂದ ಆ ತಿಂಗಳುಗಳಲ್ಲಿ ಇಡ್ಲಿ ಕೆಡದಂತೆ ನೋಡಿಕೊಳ್ಳುವ ಹೋಟೆಲಿಗೆ ಗಿರಾಕಿಯ ಮನಸ್ಸಿನಲ್ಲಿ ಒಂದು ಅಂಕ ಹೆಚ್ಚು. ಇಡ್ಲಿಯ ಗಾತ್ರದ ಮೇಲೂ ಅವನ ಕಣ್ಣಿರುತ್ತದೆ. ಬೆಲೆ ಏರಿಸಲು ಅಂಜುವ ಮಾಲೀಕ ಇಡ್ಲಿಯನ್ನು ಸಣ್ಣದು ಮಾಡುತ್ತಾನೆಂಬುದು ನಗರದಲ್ಲೆಲ್ಲ ಇರುವ ಅನುಮಾನ, ಅದು ಅನೇಕ ಸಲ ನಿಜವೂ ಹೌದು.

ಇಡ್ಲಿಗಿಂತ ಸೂಕ್ಷ್ಮವಾದ ಅಳತೆಗೋಲು ಚಟ್ನಿ. ತೆಂಗಿನಕಾಯಿಯ ಬೆಲೆ ಏರಿದ ವಾರದಲ್ಲಿ ಚಟ್ನಿಯೊಳಗೆ ಹುರಿಗಡಲೆಯ ಪಾಲು ಏರುತ್ತದೆ. ಅದೂ ಸಾಲದಾದಾಗ ನೀರಿನ ಪಾಲು ಏರುತ್ತದೆ. ಹುರಿಗಡಲೆ ಹೆಚ್ಚಾದ ಚಟ್ನಿ ಮಂದವಾಗಿ ಕಂಡರೂ ನಾಲಗೆಗೆ ಹಿಟ್ಟುಹಿಟ್ಟಾಗಿ ತಾಗುತ್ತದೆ, ಅರ್ಧ ಗಂಟೆ ಕಳೆದರೆ ಗಟ್ಟಿಯಾಗುತ್ತದೆ. ಕಾಯಿ ಹೆಚ್ಚಾಗಿರುವ ಚಟ್ನಿ ತೆಳುವಾಗಿದ್ದರೂ ಹಾಲಿನ ಸಿಹಿಯೊಂದನ್ನು ಉಳಿಸುತ್ತದೆ. ಬ್ರಾಹ್ಮಿನ್ಸ್ ಕಾಫಿ ಬಾರಿನಲ್ಲಿ ಸಾಂಬಾರ್ ಕೊಡುವ ಪದ್ಧತಿಯೇ ಇಲ್ಲ. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್ ಮತ್ತು ಕಾಫಿ, ಟೀಗಳಷ್ಟೇ ಇರುವ ಆ ಪುಟ್ಟ ಪಟ್ಟಿಯ ಹೋಟೆಲು ದಶಕಗಳಿಂದ ನಿಂತಿರುವುದು ಬಹುಮಟ್ಟಿಗೆ ಚಟ್ನಿಯ ಬಲದ ಮೇಲೆ. ಎರಡನೆಯ ಸಲ ಚಟ್ನಿ ಕೇಳಿದಾಗ ಬಡಿಸುವವನ ಮುಖಭಾವ ಹೇಗಿರುತ್ತದೆ ಎಂಬುದನ್ನೂ ಗಿರಾಕಿಗಳು ಲೆಕ್ಕಕ್ಕಿಟ್ಟುಕೊಳ್ಳುತ್ತಾರೆ. ಹೆಚ್ಚುವರಿ ಚಟ್ನಿಗೆ ಬೇರೆ ದರ ಎಂಬ ಫಲಕ ತೂಗುಹಾಕಿದ ಹೋಟೆಲು ಲೆಕ್ಕಪತ್ರದ ದೃಷ್ಟಿಯಿಂದ ಸರಿಯೇ ಇರಬಹುದು; ಬಡಾವಣೆಯ ದೃಷ್ಟಿಯಲ್ಲಿ ಅದು ಅಂದೇ ಅರ್ಧ ಸೋತಂತೆ.

ಸಾಂಬಾರಿನ ವಿಷಯದಲ್ಲಿ ನಗರ ಒಮ್ಮತಕ್ಕೆ ಬಂದಿಲ್ಲ, ಬರುವ ಸಾಧ್ಯತೆಯೂ ಕಡಿಮೆ. ಉಡುಪಿ ಕಡೆಯ ಅಡುಗೆಯ ಪ್ರಭಾವದಿಂದ ಬೆಲ್ಲ ಬಿದ್ದ, ತುಸು ಸಿಹಿಯಾದ ಸಾಂಬಾರೇ ಬೆಂಗಳೂರಿನ ಹಳೆಯ ಹೋಟೆಲುಗಳ ಗುರುತು. ತಮಿಳುನಾಡಿನಿಂದಲೋ ಆಂಧ್ರದಿಂದಲೋ ಬಂದು ನೆಲೆಸಿದವರಿಗೆ ಇದು ಪಾಯಸದ ತಮ್ಮನಂತೆ ಕಾಣುತ್ತದೆ. ಹಳಬರಿಗೆ ಖಾರದ ಸಾಂಬಾರಿನಲ್ಲಿ ಅದ್ದಿದ ವಡೆ ವಡೆಯೇ ಅಲ್ಲ. ವಡೆಯನ್ನು ಸಾಂಬಾರಿನೊಳಗೆ ಮುಳುಗಿಸಿ ಕೊಡಬೇಕೋ ಬೇರೆ ಬಟ್ಟಲಿನಲ್ಲಿ ಕೊಡಬೇಕೋ ಎಂಬುದನ್ನು ‘ಡಿಪ್ಪಾ, ಸೆಪರೇಟಾ’ ಎಂಬ ಎರಡೇ ಮಾತಿನಲ್ಲಿ ಕೇಳುವ ಕೌಂಟರಿನವನು ದಿನಕ್ಕೆ ನೂರಾರು ಸಲ ಈ ವಾದದ ತೀರ್ಪುಗಳನ್ನು ಕೇಳಿಸಿಕೊಳ್ಳುತ್ತಾನೆ.

ಯಾವ ತಿಂಡಿಯನ್ನು ಎಷ್ಟು ಹೊತ್ತಿಗೆ ತಿನ್ನಬೇಕೆಂಬುದು ನಿತ್ಯದ ಗಿರಾಕಿಯ ತಿಳಿವಳಿಕೆಯ ತಿರುಳು; ಪ್ರವಾಸಿಗರಿಗೆ ದಕ್ಕದೇ ಇರುವುದೂ ಇದೇ. ಬೆಳಗಿನ ಏಳು ಗಂಟೆಯ ಮೊದಲ ಒಬ್ಬೆಯ ಇಡ್ಲಿಯೂ, ಎಂಟೂವರೆಯ ನೂಕುನುಗ್ಗಲಿನ ಇಡ್ಲಿಯೂ ಚೆನ್ನಾಗಿರುತ್ತವೆ. ಹತ್ತೂವರೆಯ ಇಡ್ಲಿಯನ್ನು ಬಲ್ಲವರು ಮುಟ್ಟುವುದಿಲ್ಲ. ಖಾರಾಬಾತ್ ಬಿಸಿಯಿದ್ದಾಗ ಸಡಿಲವಾಗಿ, ತುಪ್ಪದ ಹೊಳಪಿನಿಂದ ಕೂಡಿರುತ್ತದೆ, ಆರಿದಂತೆ ರವೆ ನೀರನ್ನೆಲ್ಲ ಹೀರಿಕೊಂಡು ಮುದ್ದೆಗಟ್ಟುತ್ತದೆ. ಆದ್ದರಿಂದ ಖಾರಾಬಾತ್ ಮತ್ತು ಕೇಸರಿಬಾತ್‌ಗಳನ್ನು ಒಂದೇ ತಟ್ಟೆಯಲ್ಲಿ ಕೊಡುವ ಚೌಚೌ ಬಾತ್ ಬೆಳಗಿನ ಮೊದಲ ಎರಡು ಗಂಟೆಗಳ ತಿಂಡಿ. ಹನ್ನೊಂದರ ಸುಮಾರಿಗೆ ಪುಳಿಯೋಗರೆ, ವಾಂಗಿಬಾತ್, ಬಿಸಿಬೇಳೆಬಾತ್‌ಗಳು ಅಡುಗೆಮನೆಯಿಂದ ಹೊರಬರುತ್ತವೆ. ಸಂಜೆ ನಾಲ್ಕರ ಬಳಿಕ ಕಾವಲಿ ಮತ್ತೆ ಕಾಯುತ್ತದೆ, ಬೋಂಡ, ಬಜ್ಜಿ, ಮಂಗಳೂರು ಬಜ್ಜಿಗಳ ಎಣ್ಣೆ ಏರುತ್ತದೆ. ಬೆಳಗ್ಗೆ ಉಳಿದ ಉದ್ದಿನವಡೆಯೇ ಮಧ್ಯಾಹ್ನ ಮೊಸರುವಡೆಯಾಗಿ ಬರುತ್ತದೆ ಎಂಬುದು ಗಿರಾಕಿಗಳ ನಡುವಿನ ಹಳೆಯ ಗುಮಾನಿ. ಹೋಟೆಲಿನವರು ಇದನ್ನು ಬಲವಾಗಿ ಅಲ್ಲಗಳೆಯುತ್ತಾರೆ. ಗಿರಾಕಿಗಳು ನಂಬಿದಂತೆ ತಲೆಯಾಡಿಸುತ್ತಾರೆ.

ದೋಸೆಯ ವಿಷಯಕ್ಕೆ ಬಂದರೆ, ಬೆಂಗಳೂರಿನ ಮಸಾಲೆ ದೋಸೆಗೆ ಹೊರಗೆ ಕೆಂಪಗೆ ಗರಿಗರಿಯಾಗಿಯೂ ಒಳಗೆ ಮೆತ್ತಗೂ ಇರುವ ದಪ್ಪ ಮೈಯೇ ಲಕ್ಷಣ. ಕಾಗದದಷ್ಟು ತೆಳುವಾದ ದೋಸೆಯನ್ನು ಇಲ್ಲಿನವರು ಪೇಪರ್ ದೋಸೆಯೆಂದು ಬೇರೆಯೇ ಜಾತಿಗೆ ಸೇರಿಸುತ್ತಾರೆ. ಹಿಟ್ಟಿಗೆ ಸೇರಿಸುವ ಅವಲಕ್ಕಿ, ಕಡಲೆಬೇಳೆ, ಮೆಂತ್ಯಗಳು ಈ ಬಣ್ಣಕ್ಕೂ ಮೈಗೂ ಕಾರಣ. ಆದರೆ ಕಾವಲಿಯ ಕಾವು ತಪ್ಪಿದರೆ ಇವುಗಳಿಂದ ಏನೂ ಆಗದು. ಒಂದು ಒಬ್ಬೆ ಮುಗಿದ ಮೇಲೆ ಕಾವಲಿಗೆ ನೀರು ಚಿಮುಕಿಸಿ ಪೊರಕೆಯಿಂದ ಗುಡಿಸುವುದು ನೋಡುವವರಿಗೆ ಬರಿಯ ಶುಚಿಯ ಕೆಲಸವೆಂದು ತೋರಿದರೂ, ಮಿತಿಮೀರಿ ಕಾದ ಕಬ್ಬಿಣವನ್ನು ಹಿಟ್ಟು ಹರಡಲು ತಕ್ಕ ಕಾವಿಗೆ ಇಳಿಸುವುದು ಅದರ ಮುಖ್ಯ ಉದ್ದೇಶ. ಒಂದೇ ಕಾವಲಿಯ ಮೇಲೆ ಹನ್ನೆರಡು, ಹದಿನಾರು ದೋಸೆಗಳನ್ನು ಒಟ್ಟಿಗೆ ಹುಯ್ಯುವಾಗ ನಡುವಿನ ದೋಸೆಗಳಿಗೂ ಅಂಚಿನ ದೋಸೆಗಳಿಗೂ ಸಿಗುವ ಕಾವು ಬೇರೆ ಬೇರೆಯಾಗಿರುವುದರಿಂದ, ಪರಿಚಯದ ಗಿರಾಕಿಗೆ ಯಾವ ಜಾಗದ ದೋಸೆ ಹೋಗಬೇಕೆಂಬುದು ದೋಸೆ ಹುಯ್ಯುವವರಿಗೆ ತಿಳಿದಿರುತ್ತದೆ. ‘ಚೆನ್ನಾಗಿ ಕೆಂಪಗಾಗಲಿ’ ಎಂದು ಗಾಜಿನಾಚೆಯಿಂದ ಕೂಗಿ ಹೇಳುವ ಸಲುಗೆ ಬರಲು ಕೆಲವು ವರ್ಷಗಳ ಹಾಜರಿ ಬೇಕು. ಗಾಂಧಿ ಬಜಾರಿನ ದೋಸೆ ಮೇಲೋ ಮಲ್ಲೇಶ್ವರದ ಸಿ.ಟಿ.ಆರ್.ನ ಬೆಣ್ಣೆ ಮಸಾಲೆ ಮೇಲೋ ಎಂಬ ಜಗಳದಲ್ಲಿ ದೋಸೆಗಿಂತ ಬಡಾವಣೆಯ ಅಭಿಮಾನವೇ ಹೆಚ್ಚಾಗಿರುವುದರಿಂದ ಅದನ್ನು ಇಲ್ಲಿಗೇ ಬಿಡುವುದು ಲೇಸು.

ಕಾಫಿ ಈ ಎಲ್ಲವಕ್ಕಿಂತ ಕಟುವಾದ ಪರೀಕ್ಷೆ, ಏಕೆಂದರೆ ತಿಂಡಿ ತಿನ್ನದವರೂ ಕಾಫಿಗೆ ಬರುತ್ತಾರೆ, ಒಂದು ಕಾಫಿಯನ್ನು ಇಬ್ಬರು ಹಂಚಿಕೊಳ್ಳುವ ‘ಬೈಟು’ ಪದ್ಧತಿಯಲ್ಲಿ ಮಾಲೀಕನಿಗೆ ಲಾಭ ಕಡಿಮೆಯಾಗಿ ಟೀಕೆ ಎರಡು ಪಟ್ಟಾಗಿ ಸಿಗುತ್ತದೆ. ಪುಡಿಯ ಮೇಲೆ ಕುದಿನೀರು ಹಾಕಿ ಹನಿಹನಿಯಾಗಿ ಇಳಿಸಿಕೊಳ್ಳುವ ಡಿಕಾಕ್ಷನ್ ಹೊತ್ತು ಕಳೆದಂತೆ ಪರಿಮಳ ಕಳೆದುಕೊಂಡು ಕಹಿಯನ್ನಷ್ಟೇ ಉಳಿಸಿಕೊಳ್ಳುತ್ತದೆ. ಪುಡಿಗೆ ಬೆರೆಸುವ ಚಿಕೋರಿ ಎಂಬ ಹುರಿದ ಬೇರಿನ ಪುಡಿ ಬಣ್ಣವನ್ನೂ ಗಟ್ಟಿತನವನ್ನೂ ಕೊಡುತ್ತದೆ, ಆದರೆ ಅದರ ಪಾಲು ಹೆಚ್ಚಿದಷ್ಟೂ ಕಾಫಿಯ ಪಾಲು ಇಳಿಯುತ್ತದೆ. ಹಾಲು ಮತ್ತೆ ಮತ್ತೆ ಕುದಿದಿದ್ದರೆ ಕೆನೆಯ ವಾಸನೆ ಎಲ್ಲವನ್ನೂ ಮುಚ್ಚಿಬಿಡುತ್ತದೆ. ನಂದಿನಿ ಹಾಲಿನ ದರ 2025ರ ಏಪ್ರಿಲ್‌ನಲ್ಲಿ ಲೀಟರಿಗೆ 4 ರೂಪಾಯಿ ಏರಿದಾಗ ಹೋಟೆಲಿನ ಕಾಫಿಯ ಬೆಲೆಯ ಚರ್ಚೆ ಪತ್ರಿಕೆಗಳಲ್ಲಿ ಜಾಗ ಪಡೆದದ್ದು ಈ ಊರಿಗೆ ಸಹಜವಾಗಿಯೇ ಇತ್ತು. ಇಡ್ಲಿಯ ಮತ್ತು ಕಾಫಿಯ ಬೆಲೆ ಇಲ್ಲಿ ಸಾರ್ವಜನಿಕ ವಿಷಯ. ಸರ್ಕಾರವೇ 2017ರ ಆಗಸ್ಟಿನಲ್ಲಿ ಇಂದಿರಾ ಕ್ಯಾಂಟೀನ್ ತೆರೆದು 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ಕೊಡಲು ಹೊರಟಾಗ, ತಿಂಡಿಗೆ ಒಂದು ನ್ಯಾಯವಾದ ಬೆಲೆ ಇರಬೇಕೆಂಬ ಊರಿನ ಹಳೆಯ ನಂಬಿಕೆಗೆ ಸರ್ಕಾರದ ಮುದ್ರೆ ಬಿದ್ದಂತಾಯಿತು.

ಹಳೆಯ ಗಿರಾಕಿಗಳಲ್ಲಿ ಬಲವಾಗಿ ಬೇರೂರಿರುವ ಇನ್ನೊಂದು ಅಭಿಪ್ರಾಯವೆಂದರೆ, ತಿಂಡಿಪಟ್ಟಿ ಉದ್ದವಾದಂತೆ ಹೋಟೆಲು ಕೆಡುತ್ತದೆ ಎಂಬುದು. ಮೊದಲು ಚಾಟ್ಸ್ ಕೌಂಟರ್ ಬರುತ್ತದೆ, ಬಳಿಕ ಜ್ಯೂಸ್ ಕೌಂಟರ್, ಅನಂತರ ಗೋಬಿ ಮಂಚೂರಿ, ನೂಡಲ್ಸ್‌ಗಳ ಬಾಣಲೆ, ಕೊನೆಗೆ ತಂದೂರಿ ರೊಟ್ಟಿ ಮತ್ತು ಪನೀರ್. ಈ ಅಭಿಪ್ರಾಯದಲ್ಲಿ ಸತ್ಯಾಂಶವಿದ್ದರೂ ಅದು ಮಾಲೀಕನ ಇಕ್ಕಟ್ಟನ್ನು ಮರೆಯುತ್ತದೆ. ಜಯನಗರ, ಮಲ್ಲೇಶ್ವರ, ಬಸವನಗುಡಿಗಳಂಥ ಕಡೆ ಮುಖ್ಯರಸ್ತೆಯ ಅಂಗಡಿಯ ಬಾಡಿಗೆಯನ್ನು ಬೆಳಗಿನ ಮೂರು ಗಂಟೆಗಳ ಇಡ್ಲಿ ವಡೆಯ ಲಾಭದಿಂದಷ್ಟೇ ತೆರಲಾಗದು. ಹೊಸದಾಗಿ ಬಂದ ಹೋಟೆಲಿಗೆ ಸ್ವಂತ ಕಟ್ಟಡವಿರುವುದಿಲ್ಲ. ಚಿಕ್ಕ ಪಟ್ಟಿಯನ್ನು ಉಳಿಸಿಕೊಂಡು ಬಂದ ಹೆಸರಾಂತ ಹೋಟೆಲುಗಳನ್ನು ಹೊಗಳುವಾಗ ಅವು ಬೇರೂರಿದ ಕಾಲದ ಬಾಡಿಗೆಗಳೇ ಬೇರೆಯಾಗಿದ್ದವೆಂಬುದನ್ನೂ ಹೇಳದಿದ್ದರೆ ಮಾತು ಅರ್ಧವಾಗುತ್ತದೆ.

ಸಸ್ಯಾಹಾರದ ದರ್ಶಿನಿಗಳಿಗೆ ಸಲ್ಲುವ ಅಳತೆಗಳು ನಗರದ ಉಳಿದ ಸಾಮಾನ್ಯ ಹೋಟೆಲುಗಳಿಗೆ ಹಾಗೆಯೇ ಸಲ್ಲವು. ಮಿಲಿಟರಿ ಹೋಟೆಲು ಎಂದು ಕರೆಯುವ ಮಾಂಸಾಹಾರದ ಹಳೆಯ ಮಾದರಿಯ ಊಟದ ಮನೆಗಳಲ್ಲಿ ರಾಗಿಮುದ್ದೆ, ಮಟನ್ ಸಾರು, ಬೋಟಿ, ಖೈಮಾ, ಕಾಲು ಸೂಪುಗಳು ಬೆಳಗ್ಗೆಯೇ ಸಿದ್ಧವಾಗಿ, ಮಧ್ಯಾಹ್ನ ಎರಡು ಮೂರರ ಹೊತ್ತಿಗೆ ಪಾತ್ರೆ ಬರಿದಾಗುವುದೇ ಒಳ್ಳೆಯ ಹೆಸರಿನ ಕುರುಹು. ಸಂಜೆಗೂ ಉಳಿದಿದ್ದರೆ ಗಿರಾಕಿ ಅನುಮಾನಿಸುತ್ತಾನೆ. ಎಲೆಯ ದೊನ್ನೆಯಲ್ಲಿ ಕೊಡುವ ದೊನ್ನೆ ಬಿರಿಯಾನಿಗೆ ಉದ್ದನೆಯ ಬಾಸುಮತಿಯ ಬದಲು ಜೀರಿಗೆ ಸಾಂಬಾ ಎಂಬ ಸಣ್ಣಕ್ಕಿಯನ್ನು ಬಳಸುವುದೂ, ಪುದೀನ ಕೊತ್ತಂಬರಿಯ ಹಸಿರು ಮಸಾಲೆ ಅಕ್ಕಿಯ ಕಾಳುಕಾಳಿಗೂ ಹತ್ತಿರುವುದೂ ಅಲ್ಲಿನ ಅಳತೆ. ಉತ್ತರ ಕರ್ನಾಟಕದವರು ನಡೆಸುವ ಖಾನಾವಳಿಗಳಲ್ಲಿ ಬೇರೊಂದು ನ್ಯಾಯವಿದೆ: ಜೋಳದ ರೊಟ್ಟಿಯನ್ನು ಕೈಯಲ್ಲಿ ಬಡಿದದ್ದೋ ಯಂತ್ರದಲ್ಲಿ ಒತ್ತಿದ್ದೋ, ಎಣ್ಣೆಗಾಯಿಯಲ್ಲಿ ಗುರೆಳ್ಳು, ಶೇಂಗಾ ಎರಡೂ ಬಿದ್ದಿವೆಯೋ, ಹಸಿ ಸೊಪ್ಪು, ಮೂಲಂಗಿ ತಟ್ಟೆಯ ಪಕ್ಕಕ್ಕೆ ಬಂದಿತೋ ಇಲ್ಲವೋ ಎಂಬುದರ ಮೇಲೆ ತೀರ್ಪು ನಿಲ್ಲುತ್ತದೆ. ಧಾರವಾಡ, ವಿಜಯಪುರ, ಕಲಬುರಗಿಗಳಿಂದ ಓದಲು, ದುಡಿಯಲು ಬಂದವರಿಗೆ ಖಾನಾವಳಿಯ ಊಟವನ್ನು ಅಳೆಯಲು ಬೇರೆ ಹೋಟೆಲುಗಳು ಬೇಕಿಲ್ಲ, ಅಳತೆಗೋಲು ಮನೆಯ ಅಡುಗೆಯೇ. ಹೀಗಾಗಿ ಖಾನಾವಳಿಯ ಮಾಲೀಕನ ಕೆಲಸ ದರ್ಶಿನಿಯವನ ಕೆಲಸಕ್ಕಿಂತ ಕಷ್ಟದ್ದು.

ನಿತ್ಯದ ಗಿರಾಕಿಯ ತೀರ್ಪಿಗೆ ಕುರುಡು ಜಾಗಗಳೂ ಇವೆ, ಅವುಗಳಲ್ಲಿ ಮೊದಲನೆಯದು ಆರೋಗ್ಯ. ಇಡ್ಲಿ ತಟ್ಟೆಗೆ ಹಾಸುತ್ತಿದ್ದ ಹತ್ತಿಬಟ್ಟೆಯ ಜಾಗಕ್ಕೆ ಅನೇಕ ಕಡೆ ತೆಳು ಪ್ಲಾಸ್ಟಿಕ್ ಹಾಳೆ ಬಂದು ವರ್ಷಗಳಾಗಿದ್ದರೂ, ಆಹಾರ ಸುರಕ್ಷತಾ ಇಲಾಖೆ 2025ರ ಆರಂಭದಲ್ಲಿ ರಾಜ್ಯದಾದ್ಯಂತ ಮಾದರಿಗಳನ್ನು ಪರೀಕ್ಷಿಸಿ, ಬಿಸಿ ಹಬೆಯಲ್ಲಿ ಪ್ಲಾಸ್ಟಿಕ್ ಬಳಸುವುದನ್ನು ನಿಷೇಧಿಸುವುದಾಗಿ ಹೇಳುವವರೆಗೆ ಆ ಬಗ್ಗೆ ಮಾತನಾಡಿದವರು ವಿರಳ. ಬಟ್ಟೆಯ ನೇಯ್ಗೆಯ ಗೆರೆಗಳು ಇಡ್ಲಿಯ ಬೆನ್ನಿನ ಮೇಲೆ ಮೂಡುತ್ತವೆ, ಪ್ಲಾಸ್ಟಿಕ್ ಹಾಸಿದ ಇಡ್ಲಿಯ ಬೆನ್ನು ನಯವಾಗಿ ಹೊಳೆಯುತ್ತದೆ. ಉಪ್ಪು ಒಂದು ಚಿಟಿಕೆ ಹೆಚ್ಚಾದರೂ ಹಿಡಿಯುವ ಗಿರಾಕಿಗಳಿಗೆ ಕಣ್ಣೆದುರಿನ ಈ ಗುರುತು ಕಾಣಲಿಲ್ಲ, ಅಥವಾ ಕಂಡರೂ ಮುಖ್ಯವೆನಿಸಲಿಲ್ಲ. ಗೋಬಿ ಮಂಚೂರಿಗೆ ಕಡುಕೆಂಪು ಕೊಡುವ ಕೃತಕ ಬಣ್ಣಗಳ ಮೇಲೆ 2024ರ ಮಾರ್ಚಿನಲ್ಲಿ ಸರ್ಕಾರ ನಿಷೇಧ ಹೇರಿದಾಗಲೂ ಹೀಗೆಯೇ ಆಯಿತು. ಬಣ್ಣವಿಲ್ಲದ ಗೋಬಿಯನ್ನು ಮೊದಲು ತಿರಸ್ಕರಿಸಿದವರು ಗಿರಾಕಿಗಳೇ ಎಂಬ ಮಾರಾಟಗಾರರ ದೂರನ್ನು ಪೂರ್ತಿ ಸುಳ್ಳೆನ್ನಲಾಗದು.

ಎರಡನೆಯ ಕುರುಡು ಜಾಗ ಹೋಟೆಲು ಯಾರಿಗಾಗಿ ಎಂಬ ಪ್ರಶ್ನೆಯದ್ದು. ಹಳೆಯ ಹೋಟೆಲುಗಳ ಫಲಕಗಳಲ್ಲಿ ಜಾತಿಯ ಹೆಸರು ಇರುತ್ತಿದ್ದ ಕಾಲದಲ್ಲಿ ಆ ಹೆಸರು ಶುಚಿಯ ಭರವಸೆಯಾಗಿ ಕೆಲವರನ್ನು ಕರೆಯುತ್ತಿತ್ತು, ಅದೇ ಹೊತ್ತಿಗೆ ಹಲವರನ್ನು ಹೊಸ್ತಿಲಲ್ಲೇ ನಿಲ್ಲಿಸುತ್ತಿತ್ತು. ಹೆಂಗಸರು ‘ಫ್ಯಾಮಿಲಿ ರೂಮ್’ ಎಂಬ ಪರದೆಯ ಹಿಂದೆ ಕೂರಬೇಕಾಗಿತ್ತು. ದರ್ಶಿನಿಯ ದುಂಡು ಮೇಜು ಈ ಏರ್ಪಾಡನ್ನು ಯಾವ ಘೋಷಣೆಯೂ ಇಲ್ಲದೆ ಮುರಿಯಿತು. ಆಟೋ ಚಾಲಕ, ಬ್ಯಾಂಕ್ ಉದ್ಯೋಗಿ, ಕಾಲೇಜು ಹುಡುಗಿ ಒಂದೇ ಮೇಜಿಗೆ ತಟ್ಟೆಯಿಟ್ಟು ನಿಲ್ಲುವುದು ಅಲ್ಲಿ ಯಾರ ಗಮನಕ್ಕೂ ಬರದಷ್ಟು ಸಹಜ. ಆದರೆ ಅದೇ ಮೇಜು ಮಂಡಿನೋವಿನ ಮುದುಕರನ್ನೂ, ಮಗುವನ್ನು ಎತ್ತಿಕೊಂಡ ತಾಯಿಯನ್ನೂ, ಗಾಲಿಕುರ್ಚಿಯವರನ್ನೂ ಹೊರಗಿಟ್ಟಿತು. ಗೋಡೆಯ ಬದಿಗೆ ನಾಲ್ಕು ಪ್ಲಾಸ್ಟಿಕ್ ಕುರ್ಚಿ ಹಾಕಿಟ್ಟ ದರ್ಶಿನಿಯ ಮಾಲೀಕನಿಗೆ ತನ್ನ ಗಿರಾಕಿಗಳ ವಯಸ್ಸು ಏರುತ್ತಿರುವುದು ತಿಳಿದಿದೆ ಎಂದರ್ಥ.

ಮೂರನೆಯದು ದುಡಿಯುವವರ ವಿಷಯ. ಕರಾವಳಿಯ ಹುಡುಗರು ಹೋಟೆಲು ಕೆಲಸಕ್ಕೆ ಬರುವುದು ಕಡಿಮೆಯಾಗಿ, ಇಂದು ಅಡುಗೆಮನೆಯಲ್ಲಿಯೂ ಕೌಂಟರಿನಲ್ಲಿಯೂ ಒಡಿಶಾ, ಅಸ್ಸಾಂ, ಬಿಹಾರ, ಪಶ್ಚಿಮ ಬಂಗಾಳ, ನೇಪಾಳಗಳಿಂದ ಬಂದವರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ‘ಕೈ ಬದಲಾಗಿದೆ’ ಎಂಬುದು ರುಚಿ ಕೆಟ್ಟಾಗ ಗಿರಾಕಿಯ ಬಾಯಿಗೆ ಬರುವ ಮೊದಲ ಮಾತು. ಅದರೊಳಗೆ ಹಲವು ಸಲ ಹೊರಗಿನವರ ಬಗೆಗಿನ ಅಸಮಾಧಾನವೂ ಸೇರಿಕೊಂಡಿರುತ್ತದೆ. ವಾಸ್ತವವಾಗಿ ಹಿಟ್ಟಿನ ಪ್ರಮಾಣ, ಸಾಂಬಾರ್ ಪುಡಿಯ ಹದ ಮಾಲೀಕನ ಕೈಯಲ್ಲಿರುತ್ತವೆ, ಎಷ್ಟೋ ಕಡೆ ಹಿಟ್ಟು, ಚಟ್ನಿಗಳು ಬೇರೆಡೆಯ ಒಂದೇ ಅಡುಗೆಮನೆಯಲ್ಲಿ ಸಿದ್ಧವಾಗಿ ಶಾಖೆಗಳಿಗೆ ಬರುತ್ತವೆ. ಮುಂಜಾನೆ ನಾಲ್ಕಕ್ಕೆ ಎದ್ದು ರಾತ್ರಿ ಹತ್ತಕ್ಕೆ ಒಲೆ ಆರಿಸುವ ಕೆಲಸಗಾರರು ಎಲ್ಲಿ ಮಲಗುತ್ತಾರೆ, ರಜೆ ಎಷ್ಟು ಸಿಗುತ್ತದೆ ಎಂಬುದು ಹೋಟೆಲುಗಳ ಬಗೆಗಿನ ನಗರದ ಹರಟೆಯಲ್ಲಿ ಕಾಣಿಸಿಕೊಳ್ಳುವುದಿಲ್ಲ. ಪ್ರತಿ ಶುಕ್ರವಾರ ಬಾಗಿಲು ಮುಚ್ಚುವ ವಿದ್ಯಾರ್ಥಿ ಭವನದಂಥ ಪದ್ಧತಿಯನ್ನು ಗಿರಾಕಿಗಳು ತಮಗಾಗುವ ಅಡಚಣೆಯೆಂದು ನೆನೆಯುತ್ತಾರೆಯೇ ಹೊರತು ಕೆಲಸಗಾರರ ವಿಶ್ರಾಂತಿಯೆಂದು ಎಣಿಸುವವರು ಕಡಿಮೆ.

ಇತ್ತೀಚಿನ ವರ್ಷಗಳಲ್ಲಿ ಈ ಹಳೆಯ ಸಂಬಂಧಕ್ಕೆ ಹೊಸ ಒತ್ತಡಗಳು ಬಂದಿವೆ. 2021ರಲ್ಲಿ ಇಂದಿರಾನಗರದಲ್ಲಿ ಆರಂಭವಾದ ರಾಮೇಶ್ವರಂ ಕೆಫೆಯ ದೊಡ್ಡ ಯಶಸ್ಸಿನ ಬಳಿಕ ತುಪ್ಪ ಸುರಿದ ಪುಡಿ ಇಡ್ಲಿ, ತುಪ್ಪದ ದೋಸೆಗಳ, ಕಲ್ಲಿನ ಕಂಬದಂಥ ಅಲಂಕಾರಗಳ ಹೊಸ ಹೋಟೆಲುಗಳು ನಗರದ ಹೊಸ ಬಡಾವಣೆಗಳಲ್ಲಿ ಸಾಲುಸಾಲಾಗಿ ತೆರೆದಿವೆ. ನಿಂತು ತಿನ್ನುವುದು, ಟೋಕನ್, ತೆರೆದ ಅಡುಗೆಮನೆ ಇವೆಲ್ಲ ದರ್ಶಿನಿಯವೇ. ಬೆಲೆ ಮಾತ್ರ ದರ್ಶಿನಿಯದ್ದಲ್ಲ, ಗಿರಾಕಿಯೂ ಬಡಾವಣೆಯವನಲ್ಲ. ತುಪ್ಪ ಹೆಚ್ಚಿದಂತೆ ಹಿಟ್ಟಿನ ಹುಳಿ, ಉದ್ದಿನ ಪರಿಮಳಗಳು ಹಿಂದೆ ಸರಿಯುತ್ತವೆಯಾದ್ದರಿಂದ ಹಳಬರಿಗೆ ಇದು ಹಬ್ಬದ ತಿಂಡಿಯೇ ಹೊರತು ನಿತ್ಯದ್ದಲ್ಲ. ಈ ದೂರು ಅಷ್ಟರಮಟ್ಟಿಗೆ ಒಪ್ಪತಕ್ಕದ್ದು. ಆದರೆ ಮಧ್ಯರಾತ್ರಿಯ ಹತ್ತಿರ ಪಾಳಿ ಮುಗಿಸಿ ಬರುವ ಕಂಪ್ಯೂಟರ್ ಕಂಪನಿಗಳ ನೌಕರರಿಗೆ ಬಿಸಿ ತಿಂಡಿ ಕೊಡುತ್ತಿರುವವರು ಇಂಥವರೇ, ಎಂಟೂವರೆಗೆ ಬಾಗಿಲು ಎಳೆಯುವ ಹಳೆಯ ಟಿಫನ್ ರೂಮುಗಳಲ್ಲ. 2025ರ ಜುಲೈಯಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ಜಿ.ಎಸ್.ಟಿ. ನೋಟಿಸು ಕಳಿಸಿದಾಗ, ಬೇಕರಿ, ಕಾಂಡಿಮೆಂಟ್ಸ್, ಬೀದಿಬದಿಯ ತಿಂಡಿ ಅಂಗಡಿಗಳ ಮುಂದೆ ‘ನಗದು ಮಾತ್ರ’ ಎಂಬ ಚೀಟಿಗಳು ಕಾಣಿಸಿಕೊಂಡವು. ಸರ್ಕಾರ ವ್ಯಾಪಾರಿಗಳನ್ನು ಸಮಾಧಾನಪಡಿಸಿದ ಬಳಿಕ ಬಹಳಷ್ಟು ಕಡೆ ಚೀಟಿಗಳು ಹೋದವು, ಆದರೆ ಸಣ್ಣ ಹೋಟೆಲು ಎಷ್ಟು ತೆಳುವಾದ ಲಾಭದ ಮೇಲೆ ನಡೆಯುತ್ತಿದೆಯೆಂಬುದು ಆ ಕೆಲವು ವಾರಗಳಲ್ಲಿ ಎಲ್ಲರಿಗೂ ಗೋಚರಿಸಿತು.

ಬಡಾವಣೆಯ ಹೋಟೆಲೊಂದು ಮುಚ್ಚಿದಾಗ ಅದರ ಗಿರಾಕಿಗಳು ಕೂಡಲೇ ಇನ್ನೊಂದಕ್ಕೆ ಒಗ್ಗಿಕೊಳ್ಳುವುದಿಲ್ಲ. ಮಲ್ಲೇಶ್ವರದ ಸಂಪಿಗೆ ರಸ್ತೆಯ ನ್ಯೂ ಕೃಷ್ಣ ಭವನ 2012ರಲ್ಲಿ ಮುಚ್ಚಿದಾಗ ಅಲ್ಲಿನ ರಾಗಿ ದೋಸೆ, ಹಸಿರು ಮಸಾಲೆಯ ಇಡ್ಲಿಗಳಿಗೆ ಒಗ್ಗಿದ್ದವರು ಸುತ್ತಲಿನ ಹೋಟೆಲುಗಳಿಗೆ ಹಂಚಿಹೋದರು, ಕೆಲವರು ಹೊರಗೆ ತಿನ್ನುವುದನ್ನೇ ಕಡಿಮೆ ಮಾಡಿದರು. ಹೊಸ ಹೋಟೆಲನ್ನು ತಮ್ಮದಾಗಿ ಮಾಡಿಕೊಳ್ಳುವುದಕ್ಕೆ ಬೆಂಗಳೂರಿಗರು ಅನುಸರಿಸುವ ಕ್ರಮ ಬಹುಮಟ್ಟಿಗೆ ಒಂದೇ ಬಗೆಯದು: ಕೆಲವು ದಿನ ಬರಿಯ ಕಾಫಿ ಕುಡಿದು ನೋಡುತ್ತಾರೆ, ಕಾಫಿ ಗೆದ್ದರೆ ಒಂದು ಇಡ್ಲಿ ವಡೆಗೆ ಟೋಕನ್ ತೆಗೆಯುತ್ತಾರೆ, ಚಟ್ನಿಯನ್ನು ಎರಡನೆಯ ಸಲ ಕೇಳಿ ಬಡಿಸುವವನ ಮುಖ ನೋಡುತ್ತಾರೆ, ಮಳೆಗಾಲದ ಒಂದು ಸಂಜೆ ಬೋಂಡದ ಎಣ್ಣೆಯ ವಾಸನೆಯನ್ನು ಪರೀಕ್ಷಿಸುತ್ತಾರೆ, ಇಷ್ಟೆಲ್ಲ ಆದ ಮೇಲೆ ಒಂದು ಭಾನುವಾರ ಬೆಳಗ್ಗೆ ಮನೆಯವರನ್ನೆಲ್ಲ ಕರೆತಂದು ಮಸಾಲೆ ದೋಸೆ ಹೇಳುತ್ತಾರೆ. ಆ ಭಾನುವಾರ ಸರದಿ ಉದ್ದವಾಗಿದ್ದು ದೋಸೆ ತಡವಾದರೆ ಮಾತ್ರ ಇಡೀ ಪರೀಕ್ಷೆ ಮೊದಲಿನಿಂದ ಶುರುವಾಗಬೇಕಾಗುತ್ತದೆ.